ರಂಗಿಯ ಮಂಗಳವಾರದ ಪ್ರಶ್ನೆಗಳು

ಜೀರಹಳ್ಳಿ ಕಾಡಂಚಿನ ಸೋಲಿಗರ ಹಟ್ಟಿಯಾದ ಪೋಡಿನಲ್ಲಿ ಪೊರಕೆ ಹುಲ್ಲು ಕೊಯ್ಯುವ ಹನ್ನೊಂದು ಹೆಂಗಸರ ಸಂಘವಿದೆ. ಅದರ ಮುಖ್ಯಸ್ಥೆ ರಂಗಿ, ಐವತ್ತು ದಾಟಿದವಳು, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು.

ಒಮ್ಮೆ ಅವಳು ತಾಳವಾಡಿಯಲ್ಲಿ ನಡೆದ ವ್ಯಾಪಾರದ ತರಬೇತಿಗೆ ಹೋದಳು. ಅಲ್ಲಿ ಕಲಿಸಲು ಬಂದ ಪದ್ಮಶ್ರೀ ಮೇಡಂ ಭಾಷಣ ಮಾಡಲಿಲ್ಲ. ಪ್ರಶ್ನೆ ಕೊಟ್ಟು, ಉತ್ತರ ನೀವೇ ಹುಡುಕಿ ಎಂದು ಕೂರಿಸಿದರು. ರಂಗಿಗೆ ಅದು ಹಿಡಿಸಿತು. ಅಂದಿನಿಂದ ಪ್ರತಿ ಮಂಗಳವಾರ ಸಂಘದವರಿಗೆ ಒಂದು ಪ್ರಶ್ನೆ. ಗೊತ್ತಿಲ್ಲ ಅಂದವರು ತಿಳಿದುಕೊಂಡು ಬರಲೇಬೇಕು.

"ನಮ್ಮ ಉಲ್ಲು ಎಲ್ಲಿಗೋಯ್ತದೆ?"

"ಮುರುಗೇಶಣ್ಣನ ವ್ಯಾನಿಗೆ," ಎಂದು ನಾಗಮ್ಮ ನಕ್ಕಳು. ಅವರ ಹುಲ್ಲನ್ನೆಲ್ಲ ಕೊಳ್ಳುತ್ತಿದ್ದ ವ್ಯಾಪಾರಿ ಅವನು.

"ಅಲ್ಲಿಂದ?"

ಯಾರಿಗೂ ಗೊತ್ತಿರಲಿಲ್ಲ. ಸತ್ಯಮಂಗಲದ ಮಗಳ ಮನೆಗೆ ಹೋದಾಗ ನಾಗಮ್ಮನೇ ವಿಚಾರಿಸಿಕೊಂಡು ಬಂದಳು. ಹುಲ್ಲು ಅಲ್ಲೊಂದು ಶೆಡ್ಡಿನಲ್ಲಿ ಪೊರಕೆಯಾಗಿ, ಮತ್ತೆ ಘಾಟಿ ಹತ್ತಿ ತಾಳವಾಡಿಯ ಅಂಗಡಿಗಳಿಗೇ ಬರುತ್ತಿತ್ತು.

"ಅವ್ರತ್ರ ಇರೋದೇನು, ನಮ್ಮತ್ರ ಇಲ್ದಿರೋದೇನು?" ಮುಂದಿನ ವಾರದ ಪ್ರಶ್ನೆ.

"ತಂತಿ," ಎಂದಳು ಮಾದಿ.

ತಂತಿ ತಂದರು, ಕಟ್ಟುವುದು ಕಲಿತರು. ಮುರುಗೇಶ ಬರದೇ ಹೋದರೆ ಏನು ಮಾಡುವುದು ಎಂಬ ಪ್ರಶ್ನೆಗೆ ಮಾತ್ರ ಎಲ್ಲರೂ ಬೆದರಿದರು. ರಂಗಿ ಬಿಡಲಿಲ್ಲ. ಮೂರು ವಾರ ಅದನ್ನೇ ಕೇಳಿ, ಯಾರು ಯಾವ ಊರಿಗೆ ಮಾರಲು ಹೋಗುವುದೆಂದು ತೀರ್ಮಾನವಾದ ಮೇಲೆಯೇ ಬಿಟ್ಟಳು.

ಸುದ್ದಿ ತಿಳಿದ ಮುರುಗೇಶ ವ್ಯಾನಿನಿಂದ ಇಳಿಯದೆಯೇ ಗದರಿದ. "ಪೊರಕೆ ಕಟ್ಟೋದ ಬುಟ್ಟು ಉಲ್ಲು ಕೊಡಿ. ಇಲ್ದಿದ್ರೆ ನಾನು ಬರಕಿಲ್ಲ. ಆಗೇನ್ ಮಾಡೀರಿ?"

"ಅದ ನಾವು ಓದ ತಿಂಗ್ಳೇ ಕೇಳ್ಕಂಡಾಯ್ತು ಕಣಣ್ಣ," ಎಂದಳು ರಂಗಿ. "ನಮ್ಮ ಉಲ್ಲಿಲ್ದೆ ನೀನೇನ್ ಮಾಡೀಯೆ? ಅದ ನೀನು ಕೇಳ್ಕಂಡಿದ್ದೀಯಾ?"

ಅವನು ವ್ಯಾನು ತಿರುಗಿಸಿಕೊಂಡು ಹೊರಟುಹೋದ. ಹೋದವನು ತಾಳವಾಡಿಯ ಅಂಗಡಿಯವರಿಗೆಲ್ಲ ಇವರ ಪೊರಕೆ ಮುಟ್ಟಬೇಡಿ ಎಂದು ಹೇಳಿಟ್ಟ. ಅಂಗಡಿ ರಾಚಪ್ಪ ಪೊರಕೆ ತಂದವರ ಮುಖ ನೋಡದೆಯೇ ಬೇಡವೆಂದು ಕೈ ಆಡಿಸಿಬಿಟ್ಟ. ಇಬ್ಬರು ಹೆಂಗಸರು ಹೆದರಿ ಸಂಘ ಬಿಟ್ಟರು. ಉಳಿದ ಒಂಬತ್ತು ಜನ ಹೊರೆ ಹೊತ್ತು ಬಸ್ಸು ಹತ್ತಿ, ಪಣಕಹಳ್ಳಿ, ದೊಡ್ಡಗಾಜನೂರುಗಳಲ್ಲಿ ಮನೆ ಮನೆ ಅಲೆದರು.

"ಗುಡ್ಸಿ ನೋಡವ್ವ. ಉದುರುದ್ರೆ ವಾಪಸ್ ಕೊಡು," ಎಂದು ರಂಗಿ ಪ್ರತಿ ಜಗುಲಿಯಲ್ಲೂ ಹೇಳಿದಳು. ವಾಪಸ್ ಬಂದದ್ದು ನಾಲ್ಕೇ. ಅವನ್ನು ಬಿಚ್ಚಿ, ತಪ್ಪೆಲ್ಲಿ ಎಂದು ನೋಡಿ, ಬಿಗಿಯಾಗಿ ಕಟ್ಟಿದರು.

ಬೇಸಿಗೆ ಹೊತ್ತಿಗೆ ಹಳ್ಳಿಯವರು ಅಂಗಡಿಗಳಲ್ಲೇ "ಪೋಡಿನ ಪೊರಕೆ ಇಲ್ವಾ?" ಎನ್ನತೊಡಗಿದರು. ರಾಚಪ್ಪ ಇಪ್ಪತ್ತು ಪೊರಕೆ ತಂದುಕೊಡಲು ಹೇಳಿಕಳಿಸಿದ.

"ಬೇಕಾದ್ರೆ ಬಂದು ತಕ್ಕೊಂಡೋಗ್ಲಿ," ಎಂದಳು ರಂಗಿ.

ಮರುದಿನ ರಾಚಪ್ಪನ ಬೈಕು ಕಾಡಿನ ಮಣ್ಣುದಾರಿಯಲ್ಲಿ ಕುಲುಕಾಡುತ್ತ ಪೋಡಿಗೆ ಬಂತು.