ಎಂಜಿನ್ನಿನ ಒಲೆಯೊಳಗೆ

ಬಾಂದ್ರಾದ ಶೆಡ್ಡೊಂದರಲ್ಲಿ ನಾವೊಂದಿಷ್ಟು ಜನ ಭಾನುವಾರಗಳಂದು ಮ್ಯೂಸಿಯಮ್ಮಿಗಾಗಿ ಹಳೆಯ ಉಗಿ ಎಂಜಿನ್ ರಿಪೇರಿ ಮಾಡುತ್ತಿದ್ದೆವು. ಎಲ್ಲರಿಗಿಂತ ಸಪೂರ ಇದ್ದವಳು ನಾನೇ ಆದ್ದರಿಂದ ಅದರ ಒಲೆಯೊಳಗೆ ತೂರಿ ಮಸಿ ಕೆರೆಯುವ ಕೆಲಸ ನನ್ನದು. ಒಮ್ಮೆ ನಾನಿನ್ನೂ ಒಳಗಿರುವಾಗಲೇ ಉಳಿದವರು ಚಹಾ ಕುಡಿದು ಬಂದವರೇ, ನಾನು ಮನೆಗೆ ಹೋದೆನೆಂದುಕೊಂಡು, ಬೆಂಕಿ ಹಚ್ಚಲು ಕಟ್ಟಿಗೆ ತಂದರು. ಅಷ್ಟು ಗಂಡಸರ ನಡುವೆ ಕೂಗುವುದು ಹೇಗೆ? ನಾಚಿಕೆಗೆ ಮಸಿ ಕೆರೆಯುವುದನ್ನೂ ನಿಲ್ಲಿಸಿ ಮುದುಡಿ ಕೂತೆ.

ಪುಣ್ಯಕ್ಕೆ ನಮ್ಮಲ್ಲೊಂದು ಪದ್ಧತಿಯಿತ್ತು: ಮೊದಲು ಸುತ್ತಿಗೆಯಿಂದ ಒಲೆಯ ಬಾಗಿಲು ಬಡಿದು ಕೇಳಬೇಕು. ಗುಂಪಿಗೆ ಹಿರಿಯರಾದ ಧಾರವಾಡದ ಕಾಕಾ ಬಡಿದರು.

"ಒಳಗ ಯಾರರೆ ಇದ್ದೀರೇನು?"

"ಪ್ರೆಸೆಂಟ್, ಸರ್!" ಎಂದು ಶಾಲೆಯಲ್ಲಿ ಹಾಜರಿ ಹೇಳಿದಂತೆ ಹೇಳಿಬಿಟ್ಟೆ.

"ಅಯ್ಯ ತಂಗಿ! ಹೊರಗ ಬಾರವಾ, ಸಾಲಿ ಬಿಟ್ಟದ!"

ಎಲ್ಲರೂ ನಕ್ಕರು, ಹೊರಬಂದ ಮೇಲೆ ನಾನೂ ನಕ್ಕೆ. ಈಗ ಬೆಂಕಿ ಹಚ್ಚುವ ಮುಂಚೆ ಕಾಕಾ ನನ್ನ ಹೆಸರು ಹಿಡಿದೇ ಕೂಗುತ್ತಾರೆ, ನಾನು ಅವರ ಪಕ್ಕದಲ್ಲೇ ನಿಂತಿದ್ದರೂ.