ಚಳ್ಳಕೆರೆಯಲ್ಲಿ ಲಂಗರು ಬಿಗಿದ ಚಾಚಾ

ಮೊನ್ನೆ ಸ್ಕೂಟರಿನ ಡಿಕ್ಕಿ ತಡಕುವಾಗ ಗ್ರೀಸು ಮೆತ್ತಿದ ಗೇಣುದ್ದದ ತಂತಿಯೊಂದು ಬೆರಳಿಗೆ ಚುಚ್ಚಿತು. ಮೂಗಿಗೆ ಹತ್ತಿದ ಆ ವಾಸನೆ ನನ್ನನ್ನು ಸೀದಾ ಚಳ್ಳಕೆರೆಯ ಗ್ಯಾರೇಜಿಗೆ, ಕೆಲಸ ಕಲಿಸಿದ ಚಾಚಾರ ಮುಂದೆ ತಂದು ನಿಲ್ಲಿಸಿತು...

ಎರಡು ಸಾವಿರದ ಇಸವಿಯ ಆಸುಪಾಸು. ನನಗೆ ಇಪ್ಪತ್ತೆರಡು. ಕೈಯಲ್ಲಿ ಸ್ಪ್ಯಾನರ್ ಇದ್ದರೂ ಕೆಲಸವೆಲ್ಲ ಬಾಯಲ್ಲೇ. ಬಸ್ ಕಂಡಕ್ಟರು, ಎಣ್ಣೆ ಮಿಲ್ಲಿನ ಸಾಹುಕಾರ, ಕನ್ನಡಿಯಲ್ಲಿ ಕಾಣುವ ನಾನು, ಯಾರನ್ನೂ ಅಣಕಿಸದೆ ಬಿಟ್ಟವನಲ್ಲ.

ಒಂದು ಬೆಳಿಗ್ಗೆ, ಮಂಗಳೂರಿನಿಂದ ಹೈದರಾಬಾದಿನ ಕೆರೆಗೆ ಹೊರಟ ಹಾಯಿದೋಣಿಯೊಂದು ಲಾರಿ ಮೇಲೆ ಕೂತು ಗ್ಯಾರೇಜಿಗೆ ಬಂತು. ದೋಣಿಯ ಮೂತಿ ಲಾರಿಯ ಹಿಂಬದಿಗಿತ್ತು. ಅದರ ತುದಿಯ ಕಬ್ಬಿಣದ ಲಂಗರು ಸಡಿಲಾಗಿ ಗಡಗಡ ಬಡಿಯುತ್ತಿತ್ತು. ಜನ್ಮದಲ್ಲಿ ಸಮುದ್ರ ಕಾಣದ ಚಾಚಾ ದೋಣಿ ಹತ್ತಿ, ಲಂಗರಿನ ಸರಪಳಿ ತುಂಬಿಡುವ ಗೂಡಿಗೆ ತಲೆ ತೂರಿಸಿ, ಡ್ರೈವರಿಗೆ ಕೂಗಿದರು:

“ಅರೆ, ಇದರ ಕೊನೇನ ಎಲ್ಲಿಗೂ ಕಟ್ಟೇ ಇಲ್ವಲ್ರೀ, ಸುಮ್ನೆ ಬಿದ್ದೈತೆ! ನೀರಿಗೆ ಬಿಟ್ಟಿದ್ರೆ ಲಂಗರಿನ ಹಿಂದೇನೇ ಸರಪಳೀನೂ ಹೋಗ್ತಿತ್ತು.”

ಆ ಕೊನೆಯನ್ನು ಗೂಡಿನೊಳಗಿನ ಕಬ್ಬಿಣದ ಬಳೆಗೆ ಬಿಗಿದರು. ಸರಪಳಿ ಜಗ್ಗಿ ಲಂಗರನ್ನು ಮೂತಿಗೆ ಒತ್ತಿ ನಿಲ್ಲಿಸಿದರು. ಆಮೇಲೆ, ಬೋರ್‌ವೆಲ್ಲಿಗೆ ಮೋಟರ್ ಇಳಿಸುವಾಗ ಪೈಪಿದ್ದರೂ ಜೊತೆಗೊಂದು ಹಗ್ಗ ಕಟ್ಟುತ್ತೇವಲ್ಲ, ಹಾಗೆ ಲಂಗರಿನ ಕುತ್ತಿಗೆಗೂ ಒಂದು ನೈಲಾನ್ ಹಗ್ಗ ಹಾಕಿ ದೋಣಿಗೆ ಕಟ್ಟಿದರು. ನನಗೆ ಉಳಿದದ್ದು ಒಂದೇ ಕೆಲಸ: ಲಂಗರನ್ನು ಸರಪಳಿಗೆ ಸೇರಿಸುವ ಕೊಂಡಿಯ ಪಿನ್ನು ತಿರುಗಿ ಕಳಚದಂತೆ ತಂತಿ ಸುತ್ತುವುದು.

“ಪಿನ್ನಿಗೆ ತಂತಿ ಸುತ್ತಿದೇನಲೇ?”

“ಆಯ್ತು ಚಾಚಾ, ಆಗೇಹೋಯ್ತು ಚಾಚಾ.”

ಆಗಿರಲಿಲ್ಲ. “ಜಲ್ದಿ ಕಾನೀ ಮೇಸ್ತ್ರೀ” ಎಂದು ಅವಸರಪಡಿಸುತ್ತಿದ್ದ ಡ್ರೈವರನ ತೆಲುಗನ್ನು ಅವನ ಕ್ಲೀನರನಿಗೇ ಅಣಕಿಸಿ ತೋರಿಸುವುದರಲ್ಲಿ ನಾನು ಮುಳುಗಿದ್ದೆ.

ಲಾರಿ ಹೋಗಿ ಅರ್ಧ ಗಂಟೆಗೆ ಆ ತಂತಿ ಜೇಬಿನಲ್ಲಿ ಕೈಗೆ ಸಿಕ್ಕಿತು. ಅಷ್ಟು ಭಾರದ ಕಬ್ಬಿಣ ಹಿಂದೆ ಬರುವ ಯಾವನೋ ಬೈಕಿನವನ ಎದೆಗೆ ಬಡಿದರೆ? ಬಾಯಿಬಿಟ್ಟು ಹೇಳಿದೆ. ಚಾಚಾ ಬೈಯಲಿಲ್ಲ, ಬೈಕಿಗೆ ಕಿಕ್ ಹೊಡೆದರು.

“ಹತ್ತಲೇ.”

ದಾರಿಯುದ್ದಕ್ಕೂ ಜನ ಗುಂಪುಗೂಡಿದ್ದು ಕಂಡಲ್ಲೆಲ್ಲ ಚಾಚಾರ ಹೆಗಲ ಮೇಲಿಂದ ಕತ್ತು ಚಾಚಿ ನೋಡುತ್ತಿದ್ದೆ. ಹತ್ತಿರ ಹೋದರೆ ಬಸ್ಸಿಗೆ ಕಾಯುವವರು... ಮೊಳಕಾಲ್ಮೂರಿನ ಹತ್ತಿರ, ಚಹಾದಂಗಡಿಯ ಮುಂದೆ ಲಾರಿ ನಿಂತಿತ್ತು. ಪಿನ್ನು ಎಲ್ಲೋ ಉದುರಿಹೋಗಿತ್ತು. ಲಂಗರು ಮಾತ್ರ ನೈಲಾನ್ ಹಗ್ಗದಲ್ಲಿ ಜೋತಾಡುತ್ತಿತ್ತು. ಯಾರಿಗೂ ಏನೂ ಆಗಿರಲಿಲ್ಲ. ನಾನು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತೆ.

“ಏಮೈಂದಿ ಮೇಸ್ತ್ರೀ?” ಏನಾಯಿತೋ ಎಂದು ಡ್ರೈವರ್ ಗಾಬರಿಯಾದ.

ಚಾಚಾ ನನ್ನತ್ತ ನೋಡಿ, ಕತ್ತು ಓರೆ ಮಾಡಿ, ನನ್ನದೇ ಕೀರಲು ಗಂಟಲಲ್ಲಿ, “ಆಯ್ತು ಚಾಚಾ, ಆಗೇಹೋಯ್ತು ಚಾಚಾ!” ಎಂದರು. ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ, ಕಣ್ಣೊರೆಸಿಕೊಳ್ಳುತ್ತಾ. ಚಾಚಾರ ಜೇಬಿನಿಂದ ಬಂದ ಬೋಲ್ಟನ್ನು ಕೊಂಡಿಗೆ ಹಾಕಿ, ತಂತಿ ಸುತ್ತಿದೆ. ಅವರು ಎಳೆದು ನೋಡಿದರು.

ಚಾಚಾ ತೀರಿಕೊಂಡು ಮೂರು ವರ್ಷವಾಯಿತು. ಈಗ ನನ್ನದೇ ಸಣ್ಣ ಗ್ಯಾರೇಜು. ಗಾಡಿ ಬಿಡುವ ಮುಂಚೆ ಬಿಗಿದದ್ದನ್ನೆಲ್ಲ ಎರಡೆರಡು ಸಲ ಎಳೆದು ನೋಡುತ್ತೇನೆ. ನಾನು ಮರೆಯುತ್ತೇನೆಂದು ಮೊದಲೇ ಹಗ್ಗ ಕಟ್ಟಿಡುತ್ತಿದ್ದವರು ಈಗ ಇಲ್ಲವಲ್ಲ...