ಕೊಮೊರೊಸ್‌ಗೆ ಒಂದು ಪುಟ

ನಮ್ಮ ಕಚೇರಿಯಲ್ಲಿ ಒಂದು ದೇಶಕ್ಕೆ ಒಂದು ಪುಟ. ರಷ್ಯಾಕ್ಕೂ ಅಷ್ಟೇ, ಮಾಲ್ದೀವ್ಸ್‌ಗೂ ಅಷ್ಟೇ. ಪುಟದ ಮೇಲ್ಭಾಗದಲ್ಲಿ ಬಾವುಟ ಮತ್ತು ನಕ್ಷೆ, ಅದರ ಕೆಳಗೆ ಭೂಗೋಳ, ಜನ, ಸರ್ಕಾರ ಎಂಬ ಮೂರು ಚೌಕ, ಕೊನೆಯಲ್ಲಿ ಎರಡು ಸಹಿ. ದೋಹಾದ ದೊಡ್ಡ ಕಂಪನಿಗಳು ಹೊಸದಾಗಿ ಸೇರುವವರಿಗೆ ಕೊಡುವ ತರಬೇತಿ ಪುಸ್ತಕಗಳಿಗಾಗಿ ನಾವು ಈ ಪುಟಗಳನ್ನು ಇಂಗ್ಲಿಷಿನಲ್ಲಿ ತಯಾರಿಸುತ್ತೇವೆ. ಪಕ್ಕದ ಮೇಜಿನವರು ಎಲ್ಲಿಂದ ಬಂದವರೆಂಬುದು ಅಷ್ಟಿಷ್ಟಾದರೂ ತಿಳಿದಿರಲಿ ಎಂಬುದು ಉದ್ದೇಶ. ಮೈಸೂರಿನಲ್ಲಿ ಎರಡು ವರ್ಷ ಕೂತು ಓದಿದ ಭೂಗೋಳಶಾಸ್ತ್ರವನ್ನು ನಾನು ಈಗ ಆರು ಸಾಲಿನ ಚೌಕದೊಳಗೆ ತುರುಕುತ್ತೇನೆ.

ಎರಡು ಸಹಿಗಳಲ್ಲಿ ಒಂದು ಬರೆದವರದು. ಇನ್ನೊಂದು, ಆ ದೇಶದಲ್ಲಿ ಹುಟ್ಟಿದ ಯಾರಾದರೂ ಒಬ್ಬರದು. ಓದಿದ್ದೇನೆ, ಸರಿಯಾಗಿದೆ ಎಂದು ಅವರು ಸಹಿ ಹಾಕಬೇಕು. ದೋಹಾದಲ್ಲಿ ಇದು ಕಷ್ಟವಲ್ಲ. ನೇಪಾಳಕ್ಕೆ ಕೆಳಗಿನ ಕಾಫಿ ಅಂಗಡಿ, ಫಿಲಿಪ್ಪೀನ್ಸ್‌ಗೆ ಎದುರಿನ ಕ್ಲಿನಿಕ್ಕಿನ ನರ್ಸ್, ಕೀನ್ಯಾಕ್ಕೆ ಟ್ಯಾಕ್ಸಿ ಚಾಲಕ. ಬಿನ್ ಒಮ್ರಾನ್‌ನ ನಮ್ಮ ಬೀದಿಯೊಂದರಲ್ಲೇ ಅರ್ಧ ಪುಸ್ತಕಕ್ಕಾಗುವಷ್ಟು ಸಹಿಗಳು ಸಿಗುತ್ತವೆ.

ಕೊಮೊರೊಸ್ ನನ್ನ ಪಾಲಿಗೆ ಬಂದಾಗ ಮಾತ್ರ ಯಾರೂ ಹೊಳೆಯಲಿಲ್ಲ. ಆಫ್ರಿಕಾದ ಪೂರ್ವ ಕರಾವಳಿಗೂ ಮಡಗಾಸ್ಕರಿಗೂ ನಡುವೆ ಸಮುದ್ರದಲ್ಲಿರುವ ಜ್ವಾಲಾಮುಖಿ ದ್ವೀಪಗಳು. ಲವಂಗ, ವೆನಿಲ್ಲಾ, ಅತ್ತರಿಗೆ ಬಳಸುವ ಹಳದಿ ಹೂವು. ಯಾರಿಗಾದರೂ ಗೊತ್ತಿರಬಹುದೆಂದು ಕಟ್ಟಡದ ಬಾಗಿಲಲ್ಲಿ ಕೂರುವ ಕಾವಲುಗಾರರನ್ನು ಕೇಳಿದೆ. ನಲವತ್ತರ ಆಸುಪಾಸಿನ, ಇಸ್ತ್ರಿ ಕೆಡದ ಅಂಗಿಯ ಮನುಷ್ಯ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ನನಗೆ ‘ಸಬಾ ಅಲ್ ಖೈರ್, ಮಿಸ್’ ಎನ್ನುತ್ತಿದ್ದರು. ನಾನು ತಲೆಯಾಡಿಸಿ ಲಿಫ್ಟಿಗೆ ಹೋಗುತ್ತಿದ್ದೆ.

“ಕೊಮೊರೊಸ್‌ನವರು ಯಾರಾದರೂ ಗೊತ್ತಾ ನಿಮಗೆ?”

“ಒಬ್ಬ ಗೊತ್ತು,” ಎಂದರು. “ಈ ಕುರ್ಚಿ ಮೇಲೆ ಕೂತಿದ್ದಾನೆ.”

ಅವರನ್ನು ಸೂಡಾನಿನವರೆಂದು ನಾನು ನಂಬಿದ್ದೆ. ಹಾಗೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ದೇಶಗಳ ಬಗ್ಗೆ ಬರೆಯುವುದನ್ನೇ ಕೆಲಸ ಮಾಡಿಕೊಂಡವಳಿಗೆ ಇದು ಶೋಭೆ ತರುವ ವಿಷಯವಲ್ಲ.

ಊರಿನಲ್ಲಿ ಅವರು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರಂತೆ. ಇಲ್ಲಿ ದೋಹಾದ ಮುಐದರ್ ಬಡಾವಣೆಯಲ್ಲಿ ನಾಲ್ಕು ಜನ ಬಿಹಾರಿಗಳ ಜೊತೆ ಕೋಣೆ ಹಂಚಿಕೊಂಡು ಹಿಂದಿ ಕಲಿತಿದ್ದರು. ನಮ್ಮ ಮಾತು ಆ ಹಿಂದಿಯಲ್ಲಿ ಮತ್ತು ನಿಧಾನದ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು.

ನನ್ನ ಮೊದಲ ಕರಡನ್ನು ಅವರು ಮೇಷ್ಟ್ರಂತೆಯೇ ಓದಿದರು, ಬೆರಳನ್ನು ಸಾಲಿನ ಕೆಳಗಿಟ್ಟು. ಮೊದಲ ಸಾಲಿನಲ್ಲೇ ಬೆರಳು ನಿಂತಿತು. ‘ಮೂರು ದ್ವೀಪಗಳ ದೇಶ’ ಎಂದು ಬರೆದಿದ್ದೆ.

“ಮಿಸ್, ಬಾವುಟದಲ್ಲಿ ನಕ್ಷತ್ರ ಎಷ್ಟಿವೆ, ಎಣಿಸಿ.”

ಎಣಿಸಿದೆ. ನಾಲ್ಕು. ಪಟ್ಟೆಗಳೂ ನಾಲ್ಕು. ಆ ಬಾವುಟವನ್ನು ನಾನೇ ಪುಟದ ಮೇಲೆ ಅಂಟಿಸಿದ್ದೆ.

ಸ್ವಾತಂತ್ರ್ಯದ ಕಾಲಕ್ಕೆ ಮತ ಹಾಕಿದಾಗ ಮೂರು ದ್ವೀಪಗಳು ಬೇರೆಯಾಗಲು ಬಯಸಿದವು, ನಾಲ್ಕನೆಯದಾದ ಮಯೋಟ್ ಫ್ರಾನ್ಸಿನ ಜೊತೆ ಉಳಿಯಿತು. ದೇಶದ ಸಂವಿಧಾನ ಅದನ್ನು ಇವತ್ತಿಗೂ ತನ್ನದೆನ್ನುತ್ತದೆ. ಫ್ರಾನ್ಸ್ ಒಪ್ಪುವುದಿಲ್ಲ. ಇಷ್ಟನ್ನು ಪುಸ್ತಕಗಳಲ್ಲಿ ಓದಿ ತಿಳಿದುಕೊಳ್ಳಬಹುದಿತ್ತು. ಉಳಿದದ್ದನ್ನು ಅವರು ಹೇಳಿದರು. ಅವರ ಊರು ಅಂಜುವಾನ್ ದ್ವೀಪದಲ್ಲಿ. ಹವೆ ತಿಳಿಯಾಗಿದ್ದರೆ ಅಲ್ಲಿಂದ ಮಯೋಟ್ ಕಾಣುತ್ತದೆ. ತಂಗಿಯನ್ನು ಅಲ್ಲಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳ ಬಾಣಂತನಕ್ಕೆಂದು ತಾಯಿ ಮೀನು ಹಿಡಿಯುವ ದೋಣಿಯಲ್ಲಿ ದಾಟಿ ಹೋದವರು ಅಲ್ಲೇ ಉಳಿದುಬಿಟ್ಟರು. ವೀಸಾ ಇಲ್ಲ, ಆದ್ದರಿಂದ ಒಮ್ಮೆ ಈಚೆಗೆ ಬಂದರೆ ಮೊಮ್ಮಕ್ಕಳ ಬಳಿಗೆ ಮತ್ತೆ ಹೋಗಲಾಗದು. ಇವರಿಗೂ ಅಲ್ಲಿಗೆ ವೀಸಾ ಸಿಗುವುದಿಲ್ಲ. ರಜೆಗೆ ಊರಿಗೆ ಹೋದರೆ ದಂಡೆಯಲ್ಲಿ ನಿಂತು ಫೋನು ಮಾಡುತ್ತಾರೆ.

“ನೀವು ಮೂರು ಅಂತ ಬರೆದರೆ,” ಎಂದರು, “ನನ್ನ ಅಮ್ಮ ಪರದೇಶಕ್ಕೆ ಹೋಗಿದ್ದಾಳೆ ಅಂತ ಆಯಿತು. ಅವಳು ಪಕ್ಕದ ದ್ವೀಪಕ್ಕೆ ಹೋಗಿದ್ದು.”

ಆ ಒಂದು ಸಾಲಿಗೆ ನಾನು ಇಡೀ ದಿನ ತೆಗೆದುಕೊಂಡೆ. ಕೊನೆಗೆ ಹೀಗೆ ಬರೆದೆ: ಸಂವಿಧಾನದ ಪ್ರಕಾರ ದೇಶದ ದ್ವೀಪಗಳು ನಾಲ್ಕು; ಸರ್ಕಾರದ ಆಡಳಿತ ನಡೆಯುವುದು ಮೂರರಲ್ಲಿ; ನಾಲ್ಕನೆಯದಾದ ಮಯೋಟ್ ಫ್ರಾನ್ಸಿನ ಆಡಳಿತದಲ್ಲಿದೆ. ಇದರಲ್ಲಿ ಯಾರ ಪರವೂ ಇಲ್ಲ, ಸುಳ್ಳೂ ಇಲ್ಲ. ಸರ್ಕಾರದ ಚೌಕದಲ್ಲಿ, ಅಧ್ಯಕ್ಷ ಪದವಿ ಸರದಿಯಂತೆ ದ್ವೀಪದಿಂದ ದ್ವೀಪಕ್ಕೆ ಹೋಗಬೇಕೆಂಬ ನಿಯಮವನ್ನೂ, ನಡುವೆ ಅದು ಬದಲಾದದ್ದನ್ನೂ ಸೇರಿಸಿದೆ.

ಸರದಿಯ ಸಾಲು ಓದಿ ಅವರು ನಕ್ಕರು. “ಕ್ಲಾಸಿನಲ್ಲಿ ಮಕ್ಕಳು ಕೇಳ್ತಾ ಇದ್ದರು, ಸರ್, ನಾಲ್ಕನೇ ದ್ವೀಪದ ಸರದಿ ಯಾವಾಗ ಅಂತ.”

“ಏನು ಹೇಳ್ತಿದ್ರಿ?”

“ಗಂಟೆ ಹೊಡೀತು, ಮನೆಗೆ ಹೋಗಿ ಅಂತಿದ್ದೆ.”

ನಾಲ್ಕು ದ್ವೀಪಗಳ ಸಾಲನ್ನು ಎರಡು ಸಲ ಓದಿದರು. ಫ್ರಾನ್ಸಿನ ಆಡಳಿತ ಎಂಬ ಮಾತಿನ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನನ್ನ ಪೆನ್ನು ತೆಗೆದುಕೊಂಡು, ಅರಬ್ಬಿ ಅಕ್ಷರದಲ್ಲಿ, ಕೆಳಗಿನ ಗೆರೆಗೆ ತಾಗದ ಹಾಗೆ ಸಹಿ ಮಾಡಿದರು.

ಮುಖ್ಯ ಸಂಪಾದಕರು ಬೆಂಗಳೂರಿನವರು, ಇಲ್ಲಿಗೆ ಬಂದು ಹದಿನೈದು ವರ್ಷ ದಾಟಿದೆ. ಎಲ್ಲರೂ ಅವರನ್ನು ಸರ್ ಎನ್ನುತ್ತೇವೆ. ಪುಟ ಅವರ ಮೇಜಿಗೆ ಹೋದ ಮರುದಿನ ನನ್ನನ್ನು ಕರೆದರು. ಆ ಸಾಲಿಗೆ ಹಸಿರು ಬಣ್ಣ ಬಳಿದಿದ್ದರು.

“ಇದೇನಮ್ಮ, ಭೂಗೋಳ ಕೇಳಿದ್ರೆ ಕೋರ್ಟ್ ಜಡ್ಜ್‌ಮೆಂಟ್ ಬರ್ದಿದೀಯ.”

“ಒಂದೇ ಸಾಲು ಸರ್. ಮೂರು ಅಂತಷ್ಟೇ ಬರೆದರೆ ತಪ್ಪಾಗುತ್ತೆ.”

“ತಪ್ಪೇನಿದೆ? ಕಂಟ್ರೋಲ್‌ನಲ್ಲಿರೋದು ಮೂರು ತಾನೆ. ನೋಡು, ಕ್ಲೈಂಟ್ ಮ್ಯಾನೇಜ್‌ಮೆಂಟ್‌ನಲ್ಲಿ ಫ್ರೆಂಚ್‌ನವರಿದಾರೆ. ಇದನ್ನ ಓದಿ ಒಬ್ಬ ಒಂದು ಮೇಲ್ ಹಾಕಿದ ಅಂದ್ರೆ ಇಡೀ ಬುಕ್ಕು ರಿವ್ಯೂಗೆ ವಾಪಸ್ ಬರುತ್ತೆ.”

“ಮೂರು ಅನ್ನೋದೂ ಒಂದು ಪಕ್ಷವೇ ಅಲ್ವಾ ಸರ್?”

“ಇರಬಹುದು. ಆದ್ರೆ ಆ ಪಕ್ಷ ಹಿಡಿದ್ರೆ ನಮಗೆ ಯಾರೂ ಮೇಲ್ ಹಾಕಲ್ಲ.” ಇದನ್ನು ಅವರು ಕೋಪದಿಂದ ಹೇಳಲಿಲ್ಲ. ಚಹಾದ ಲೋಟವನ್ನು ನನ್ನ ಕಡೆಗೆ ಸರಿಸಿ, “ಕುಡಿ, ಆರುತ್ತೆ,” ಎಂದರು. “ತೆಗ್ದುಬಿಡು. ಖಲಾಸ್.”

ನಾನು ಇನ್ನೂ ಎರಡು ರೂಪ ಬರೆದುಕೊಟ್ಟೆ. ಒಂದರಲ್ಲಿ ‘ಮೂರು ಅಥವಾ ನಾಲ್ಕು’, ಇನ್ನೊಂದರಲ್ಲಿ ದ್ವೀಪಗಳ ಸಂಖ್ಯೆಯೇ ಇಲ್ಲ. ಎರಡೂ ಒಂದು ಗಂಟೆಯೊಳಗೆ ವಾಪಸ್ಸು ಬಂದವು. ಗುರುವಾರ ಮಧ್ಯಾಹ್ನ ಪುಟದ ಅಂತಿಮ ರೂಪ ಪರದೆಯ ಮೇಲೆ ಬಂತು. ಮೂರು ದ್ವೀಪಗಳ ದೇಶ. ನಕ್ಷೆಯನ್ನು ಬಲಕ್ಕೆ ಕತ್ತರಿಸಲಾಗಿತ್ತು, ನಾಲ್ಕನೆಯದು ಚೌಕಟ್ಟಿನ ಆಚೆ ಉಳಿದಿತ್ತು. ಕೆಳಗೆ ನನ್ನ ಸಹಿ. ಅದರ ಪಕ್ಕದಲ್ಲಿ ಗೆರೆಗೆ ತಾಗದ ಆ ಅರಬ್ಬಿ ಸಹಿ.

ಹಳೆಯ ಹಾಳೆಯಿಂದ ತೆಗೆದು ಹೊಸದಕ್ಕೆ ಕೂಡಿಸಿದ್ದರು. ಪುಟ ಜೋಡಿಸುವವಳು ಉಡುಪಿಯವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಮಾತಿಗೆ ಮುಂಚೆ ನಗುವವಳು. ಆ ದಿನ ನಗಲಿಲ್ಲ.

“ಎಂತ ಮಾಡ್ಲಿ ಮಾರಾಯ್ತಿ. ಎಲ್ಲ ಪುಟಕ್ಕೂ ಹಾಗೇ ಮಾಡುದು. ತಿದ್ದಿದ ಮೇಲೆ ಮತ್ತೆ ಯಾರು ಸಹಿಗೆ ಹೋಗ್ತಾರೆ?”

ಎಲ್ಲ ಪುಟಕ್ಕೂ. ನೇಪಾಳಕ್ಕೂ, ಕೀನ್ಯಾಕ್ಕೂ. ನಾನು ಎರಡು ವರ್ಷ ಇಲ್ಲಿ ಕೂತಿದ್ದೂ ಇದನ್ನು ಗಮನಿಸಿರಲಿಲ್ಲ. ಸಾಲಿನ ಜಗಳದಲ್ಲಿ ನಾನು ಸೋತಾಗಿತ್ತು. ಅದು ನನ್ನ ಕೆಲಸದ ಸೋಲು, ಅಷ್ಟೇ. ಆದರೆ ಮೂರು ದ್ವೀಪಗಳೆಂದು ಆ ಮನುಷ್ಯ ತನ್ನ ಕೈಯಾರೆ ಒಪ್ಪಿದ್ದಾನೆ ಎಂಬ ಹಾಳೆ ಸಾವಿರಾರು ಜನರ ಕೈಗೆ ಹೋಗುವುದಿತ್ತು.

ಸರ್ ಕೋಣೆಗೆ ಮತ್ತೆ ಹೋದೆ.

“ಸಹಿ ಅವರದೇ ಅಲ್ವಾ?” ಎಂದರು.

“ಬೇರೆ ಪುಟಕ್ಕೆ ಹಾಕಿದ್ದು.”

“ಹಾಗಾದ್ರೆ ಈ ಪುಟಕ್ಕೂ ಹಾಕಿಸ್ಕೊಂಡು ಬಾ. ಭಾನುವಾರ ಪ್ರೆಸ್ಸಿಗೆ ಹೋಗುತ್ತೆ. ಸೆಕ್ಯೂರಿಟಿಯವನು, ನೀನು ಕೇಳಿದ್ರೆ ಬೇಡ ಅಂತಾನಾ?”

ಬೇಡ ಎನ್ನಲಾರರು ಎಂಬ ಭಯವೇ ನನಗಿದ್ದದ್ದು. ಈ ಕಟ್ಟಡದಲ್ಲಿ ಯಾರಾದರೂ ಅವರ ಮೇಲೆ ಒಂದು ದೂರು ಕೊಟ್ಟರೆ ಸಾಕು, ಬೇರೆ ಕಡೆಗೆ ಹಾಕುತ್ತಾರೆ, ಬಿಸಿಲಿನ ಗೇಟಿಗೆ. ಲಿಫ್ಟಿನಲ್ಲಿ ಇಳಿಯುವಾಗ ಹೊಸ ಪುಟದ ಹಾಳೆಯನ್ನು ಸುರುಳಿ ಸುತ್ತಿ ಬಿಚ್ಚಿ ಹಾಳು ಮಾಡಿಬಿಟ್ಟಿದ್ದೆ.

ಅವರು ಬೆರಳಿಟ್ಟು ಓದಿದರು. ಮೊದಲ ಸಾಲಿನಲ್ಲೇ ಮುಗಿಯಿತು. ಆದರೂ ಕೊನೆಯವರೆಗೆ ಹೋದರು. ತಮ್ಮ ಸಹಿಯನ್ನು ಕಂಡರು.

“ಇದು ನಾನು ಹಾಕಿದ್ದಲ್ಲ.”

“ಅಲ್ಲ. ಅದಕ್ಕೇ ಬಂದೆ. ಹೊಸದಾಗಿ ಹಾಕಿಸಿಕೊಂಡು ಬಾ ಅಂತ ಕಳಿಸಿದ್ದಾರೆ. ನೀವು ಹಾಕಬೇಕಾಗಿಲ್ಲ.”

“ಈ ಸಾಲು ನೀವು ಬರೆದಿದ್ದಾ?”

“ಮೊದಲ ಸಲ ಬರೆದದ್ದು ನಾನೇ. ನೀವು ತಿದ್ದಿದ ಮೇಲೆ ಇದು ಬೇಡ ಅಂತ ಹೇಳಿದೆ. ಕೇಳಲಿಲ್ಲ.”

ಅವರು ಹಾಳೆಯನ್ನು ಮೇಜಿನ ಮೇಲೆ ತಿರುಗಿಸಿ ನನ್ನ ಕಡೆಗೆ ಸರಿಸಿದರು. ಪರೀಕ್ಷೆಯ ಉತ್ತರ ಪತ್ರಿಕೆಯನ್ನು ಹಿಂದಿರುಗಿಸಿದ ಹಾಗಿತ್ತು. “ನಾನು ಸಹಿ ಹಾಕಿದ ಹಾಳೆ ಎಲ್ಲಿದೆ, ಮಿಸ್?”

“ಮೇಲೆ. ಫೈಲಿನಲ್ಲಿ.”

“ಅದು ನನಗೆ ಕೊಡಿ.”

ಮೂಲ ಪ್ರತಿ ಫೈಲಿನಿಂದ ಹೊರಗೆ ಹೋಗಬಾರದು ಎಂಬ ನಿಯಮವಿದೆ. ಮೇಲೆ ಹೋಗಿ ಬೀರು ತೆರೆದು, ಕೊಕ್ಕೆಯಿಂದ ಹಾಳೆ ಬಿಡಿಸಿಕೊಂಡೆ. ಉಡುಪಿಯವಳು ನೋಡುತ್ತಿದ್ದಳು.

“ಅದು ಹೋದ್ರೆ ಎಂತ ಆಗುದುಂಟು? ಸ್ಕ್ಯಾನ್ ನನ್ನ ಹತ್ರ ಉಂಟಲ್ಲ.”

“ಅದನ್ನೂ ಅಳಿಸಿಬಿಡಿ.”

“ಸರ್ ಕೇಳಿದ್ರೆ?”

“ನಾನು ಹೇಳಿದೆ ಅನ್ನಿ.”

ಅವಳು ಪರದೆಯ ಕಡೆಗೆ ತಿರುಗಿದಳು. “ನೀನು ಹೀಗೆ ಮಾಡ್ತಿ ಅಂತ ಗೊತ್ತೇ ಇರ್ಲಿಲ್ಲ ನಂಗೆ. ಎರಡು ವರ್ಷದಲ್ಲಿ ನೀನು ಊಟಕ್ಕೆ ಎಂತ ತಂದಿ ಅಂತ ಸಹ ಹೇಳಿದವಳಲ್ಲ,” ಎನ್ನುತ್ತಾ ಅಳಿಸಿದಳು. ಕಸದ ಬುಟ್ಟಿಯಿಂದಲೂ ಅಳಿಸಿ ನನಗೆ ತೋರಿಸಿದಳು. ಪುಟದ ಎರಡನೆಯ ಸಹಿಯ ಜಾಗ ಖಾಲಿಯಾಯಿತು. ನನ್ನದನ್ನೂ ತೆಗೆಯಲು ಹೇಳಿದೆ.

ಹಾಳೆಯನ್ನು ಕೆಳಗೆ ಕೊಟ್ಟೆ. ಅವರು ಅದನ್ನು ಇನ್ನೊಮ್ಮೆ ಓದಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಶುಕ್ರಿಯಾ ಎನ್ನಲಿಲ್ಲ, ಎನ್ನುವಂಥದ್ದೇನನ್ನೂ ನಾನು ಮಾಡಿರಲಿಲ್ಲ.

ಶುಕ್ರವಾರ, ಶನಿವಾರದ ರಜೆ ಕಳೆದು ಭಾನುವಾರ ಸರ್ ನನ್ನನ್ನು ಕರೆಯುತ್ತಾರೆಂದು ಕಾದೆ. ಏನು ಹೇಳಬೇಕೆಂದು ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಅವರು ಕರೆಯಲಿಲ್ಲ. ದೋಹಾ ಅಲ್ ಜದೀದಾದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಅವರಿಗೆ ಪರಿಚಯದವರೊಬ್ಬರಿದ್ದರು, ಒಂದು ಕಾಲದಲ್ಲಿ ಆ ದ್ವೀಪಗಳ ಹೋಟೆಲೊಂದರಲ್ಲಿ ಆರು ತಿಂಗಳು ಮ್ಯಾನೇಜರ್ ಆಗಿದ್ದ ಕೇರಳದ ಮನುಷ್ಯ. ಅವರು ಫೋನಿನಲ್ಲೇ ಒಪ್ಪಿ, ಸಹಿಯ ಚಿತ್ರ ಕಳಿಸಿದರು. ಬರೆದವರ ಜಾಗದಲ್ಲಿ ಸರ್ ತಾವೇ ಸಹಿ ಮಾಡಿದರು. ಮಧ್ಯಾಹ್ನ ಎದುರಾದಾಗ, “ಮುಂದಿನದು ಕಿರಿಬಾಟಿ, ನೋಡ್ಕೋ,” ಎಂದಷ್ಟೇ ಹೇಳಿದರು. ಬೈದಿದ್ದರೆ ನಾನು ಜೋಡಿಸಿಕೊಂಡ ವಾಕ್ಯಗಳಾದರೂ ಉಪಯೋಗಕ್ಕೆ ಬರುತ್ತಿದ್ದವು. ನನ್ನ ಸಹಿ ಇಲ್ಲದ್ದರ ಬಗ್ಗೆ ಯಾರೂ ಏನೂ ಕೇಳಲಿಲ್ಲ, ಇವತ್ತಿನವರೆಗೂ.

ಸೋಮವಾರ ಬೆಳಿಗ್ಗೆ ಕಾವಲುಗಾರರು ಸಬಾ ಅಲ್ ಖೈರ್ ಎಂದ ಮೇಲೆ ನಾನು ಲಿಫ್ಟಿಗೆ ಹೋಗಲಿಲ್ಲ.

“ಪುಟ ಹೋಯಿತು,” ಎಂದೆ.

“ಎಷ್ಟು?”

“ಮೂರು. ನಿಮ್ಮ ಸಹಿ ಇಲ್ಲ.”

ಅವರು ತಲೆಯಾಡಿಸಿ, ಒಳಗೆ ಬರುತ್ತಿದ್ದ ಯಾರಿಗೋ ಬಾಗಿಲು ತೆರೆದರು.

ಮೂರು ವಾರದ ಮೇಲೆ ಪ್ರೆಸ್ಸಿನಿಂದ ಪೆಟ್ಟಿಗೆಗಳು ಬಂದವು. ಕಟ್ಟಡಕ್ಕೆ ಬರುವ ಸಾಮಾನನ್ನು ಕಾವಲುಗಾರರೇ ಎಣಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ತೆಗೆದುಕೊಳ್ಳುವುದು ರೂಢಿ. ಕೆಳಗಿನಿಂದ ಫೋನು ಬಂತು. ಇಳಿದು ಹೋದರೆ ವ್ಯಾನಿನ ಚಾಲಕ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ.

“ಇವರು ಸೈನ್ ಹಾಕಲ್ಲ ಅಂತಾರೆ ಮೇಡಂ. ದಿನಾ ಹಾಕ್ತಾರೆ, ಇವತ್ತು ಮಾಫಿ, ಇಲ್ಲವೇ ಇಲ್ಲ ಅಂತಾರೆ. ಯಲ್ಲಾ, ಬೇಗ ಮಾಡಿ, ನನಗೆ ಇನ್ನೂ ಎರಡು ಕಡೆ ಹೋಗ್ಬೇಕು.”

ಕಾವಲುಗಾರರು ಕುರ್ಚಿಯಿಂದ ಎದ್ದು ನಿಂತಿದ್ದರು. ರಿಜಿಸ್ಟರು ಮುಚ್ಚಿತ್ತು. “ಬೇರೆ ಏನು ಬಂದರೂ ಹಾಕುತ್ತೇನೆ, ಮಿಸ್,” ಎಂದರು. “ಇದಕ್ಕೆ ನೀವು ಹಾಕಿ.”

ಅವರು ಹೇಳಿದ್ದು ಸರಿಯಾಗಿತ್ತು. ರಿಜಿಸ್ಟರು ತೆರೆದು, ಹನ್ನೆರಡು ಪೆಟ್ಟಿಗೆ ಎಂದು ಬರೆದು, ಸಹಿ ಹಾಕಿದೆ. ಚಾಲಕ ಹೊರಟ. ಒಂದು ಪೆಟ್ಟಿಗೆಯನ್ನು ಎತ್ತಲು ಹೋದೆ, ಏಳಲಿಲ್ಲ. ನೆಲದ ಮೇಲೆ ತಳ್ಳಿಕೊಂಡು ಲಿಫ್ಟಿನವರೆಗೆ ತಂದೆ. ಎರಡನೆಯದನ್ನೂ ಹಾಗೆಯೇ. ಅವರು ಪೆಟ್ಟಿಗೆಗಳನ್ನು ಮುಟ್ಟಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳದ ಹಾಗೆ ಕೈ ಅಡ್ಡ ಹಿಡಿದು, ಹನ್ನೆರಡೂ ಒಳಗೆ ಹೋಗುವವರೆಗೆ ನಿಂತಿದ್ದರು.